ಸಮುದ್ರ ಬಿಸಿಯಾದರೆ ಕಲಬುರಗಿಗೂ ತಟ್ಟುತ್ತದೆ

"ಸಮುದ್ರ ಬಿಸಿ ಆದ್ರ ನಮಗೇನ್ ಆಗ್ತದ್ರಿ? ಅದು ಮಂಗಳೂರ ಮಂದಿ ಚಿಂತಿ." ಗಂಜ್‌ನಲ್ಲಿ ಚಹಾ ಕುಡಿಯುತ್ತಾ ಟಿವಿ ನೋಡುತ್ತಿದ್ದ ಕಾಕಾ ಒಬ್ಬರು ಇವತ್ತು ಹೀಗಂದರು. ಸುತ್ತ ಇದ್ದವರೂ ತಲೆ ಆಡಿಸಿದರು. ಅಲ್ಲೇ ವಾದ ಮಾಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

2023ರ ಆಗಸ್ಟ್ ಇಷ್ಟು ಬೇಗ ಮರೆತುಹೋಯಿತಾ ಕಾಕಾ? 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಹೆಸರು, ಉದ್ದು ಕಾಯಿ ಕಟ್ಟುವ ಹೊತ್ತಿಗೇ ಮಳೆ ಕೈಕೊಟ್ಟಿತು. ತೊಗರಿ ಬಾಡಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. ನಮ್ಮ ಹೊಲ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಹೇಳೋಕೂ ಸಂಕಟ. ಆ ವರ್ಷ ಎಲ್ ನಿನೊ ಇತ್ತು. ಪೆಸಿಫಿಕ್ ಸಾಗರದಲ್ಲಿ ಪೆರು ದೇಶದ ಕಡೆ ನೀರು ಜಾಸ್ತಿ ಬಿಸಿಯಾದಾಗ ಗಾಳಿಯ ದಾರಿಯೇ ಬದಲಾಗುತ್ತದೆ. ಮಳೆ ಮೋಡ ಆ ಸಾಗರದ ನಡುವಿಗೆ ಸರಿಯುತ್ತದೆ. ನಮ್ಮ ಮುಂಗಾರು ಸೊರಗುತ್ತದೆ.

ಅದೇ ವರ್ಷ ಪೆರುವಿನ ಮೀನುಗಾರರ ಗತಿ ನೋಡಿ. ಅಲ್ಲಿ ಆಳದಿಂದ ಏಳುವ ತಣ್ಣೀರೇ ಮೀನಿನ ಮೇವನ್ನು ಬೆಳೆಸುತ್ತದೆ. ಮೇಲೆ ಬಿಸಿ ನೀರು ದಪ್ಪಗೆ ಕೂತರೆ ಆ ತಣ್ಣೀರಿನ ಸತ್ವ ಮೇಲೆ ಬರುವುದಿಲ್ಲ. ಆಂಚೊವಿ ಎಂಬ ಸಣ್ಣ ಮೀನು ಆಳಕ್ಕೆ ಇಳಿಯುತ್ತದೆ, ದಕ್ಷಿಣಕ್ಕೆ ಹೋಗುತ್ತದೆ. 2023ರಲ್ಲಿ ಅಲ್ಲಿನ ಸರ್ಕಾರ ಮೊದಲ ಆಂಚೊವಿ ಹಂಗಾಮನ್ನೇ ರದ್ದು ಮಾಡಿತು. ಅವರ ದೋಣಿ ದಡದಲ್ಲಿ, ನಮ್ಮ ತೊಗರಿ ಬಿಸಿಲಲ್ಲಿ. ಆ ಮೀನುಗಾರನೂ ಆಳಂದದ ರೈತನೂ ಒಂದೇ ನೀರಿನಿಂದ ಕೆಟ್ಟರು. 2024ರಲ್ಲಿ ನಮ್ಮದೇ ಲಕ್ಷದ್ವೀಪದ ಹವಳಗಳು ಬಿಸಿಗೆ ಬೆಳ್ಳಗಾದವು. ಅದು ಟಿವಿಯಲ್ಲಿ ಎಷ್ಟು ನಿಮಿಷ ಬಂತು?

ಎಲ್ ನಿನೊ ಬಂದಾಗೆಲ್ಲ ಬರ ಬಂದೇ ಬರುತ್ತದೆ ಅಂತೇನಿಲ್ಲ ಎಂದು ಒಬ್ಬ ಗೆಳೆಯ ವಾದ ಮಾಡಿದ. ನಿಜ, 1997ರಲ್ಲಿ ದೊಡ್ಡ ಎಲ್ ನಿನೊ ಇದ್ದರೂ ದೇಶದ ಮಳೆ ಸರಿಯಾಗೇ ಆಯಿತು. ಆದರೆ ಆಗ ಕೈಹಿಡಿದದ್ದು ಯಾರು? ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿತ್ತು, ಅದು ಮುಂಗಾರಿಗೆ ಬಲ ಕೊಟ್ಟಿತು. ಅಂದರೆ ಉಳಿಸಿದ್ದೂ ಸಮುದ್ರವೇ ಅಲ್ವಾ?

2020ರ ಅಕ್ಟೋಬರ್ ನೆನಪಿದೆಯಾ? ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ದಾಟಿ, ತೆಲಂಗಾಣ ಹಾದು, ನಮ್ಮ ಮೇಲೆ ಸುರಿಯಿತು. ಭೀಮಾ ದಂಡೆಯ ಹಳ್ಳಿಗಳು ಮುಳುಗಿದವು. ಆ ನೀರೂ ಸಮುದ್ರದ್ದೇ. ಅದು ದೂರ ಅಂತ ಇನ್ನೂ ಹೇಗೆ ಹೇಳುತ್ತೀರಿ?

ಎಲ್ ನಿನೊ ಸೂಚನೆ ತಿಂಗಳುಗಳ ಮೊದಲೇ ಸಿಗುತ್ತದೆ. ಬಿತ್ತನೆಗೆ ಮುಂಚೆ ರೈತರ ಸಭೆಗಳಲ್ಲಿ ಬೀಜ, ಗೊಬ್ಬರದ ಜೊತೆ ಸಮುದ್ರದ ಸುದ್ದಿಯನ್ನೂ ಹೇಳಿ. ಬೇಗ ಕೊಯ್ಲಿಗೆ ಬರುವ ತೊಗರಿ ತಳಿ ಆರಿಸಬೇಕಾ, ಕೃಷಿ ಹೊಂಡ ಮೊದಲೇ ಸರಿ ಮಾಡಿಸಬೇಕಾ ಅಂತ ನಮ್ಮ ಜನ ತಾವೇ ಯೋಚಿಸಿಕೊಳ್ಳುತ್ತಾರೆ.