ಏಳು ಸಲ ಯವ್ವಾ

ಸೈಕಲ್ ಮೇಲೆ ಇರುವಷ್ಟು ಹೊತ್ತು ನನ್ನ ಕಾಲು ಬಂಗಾರದಂಥವು. ಕೆಳಗಿಳಿದ ಮೇಲೆಯೇ ಅವುಗಳ ಖರೇ ಬಣ್ಣ ಗೊತ್ತಾಗುವುದು.

ನಾಲ್ಕು ವರ್ಷದಿಂದ ದಿನಾ ಬೆಳಗಿನಾಗ 20 ಕಿಲೋಮೀಟರ್ ತುಳಿಯುತ್ತೇನೆ. ವಿಜಯಪುರದಲ್ಲಿ ಇದೇನು ಹೇಳಿಕೊಳ್ಳುವ ಮಾತಲ್ಲ. ಇಲ್ಲಿ ನಸುಕಿನಲ್ಲಿ ರಸ್ತೆಗೆ ಬಂದರೆ ಹೆಲ್ಮೆಟ್ ಹಾಕಿದ ಹುಡುಗರು ಸಾಲುಗಟ್ಟಿ ಸುಂಯ್ ಅಂತ ಹೋಗುತ್ತಾರೆ. ನಾನೂ ಅವರ ಹಿಂದೆಯೇ ಇರುತ್ತೇನೆ. ಒಂದು ಅರ್ಧ ತಾಸು ಹಿಂದೆ, ಅಷ್ಟೇ.

ಸಂಕ್ರಾಂತಿ ಮುಂದಿನ ಐತವಾರ ಹುಕಿ ಬಂತು, ಕೊಲ್ಹಾರಕ್ಕೆ ಹೋಗಿಬರೋಣ ಅಂತ. ಹೋಗಿ ಬರೋದು ಎಪ್ಪತ್ತರ ಮೇಲೆ. ಸಿದ್ಧೇಶ್ವರ ಜಾತ್ರೆಗೆ ತಂಗಿಯ ಮನೆಯವರು ಬರುವವರಿದ್ದರು. ಹೆಂಡತಿ, 'ಹೆಂಗೂ ಹೊಂಟೀರಿ, ಒಂದು ಗಡಗಿ ಮೊಸರು ತರ್ರಿ' ಅಂದಳು. ಕೊಲ್ಹಾರದ ಮೊಸರು ಅರಿವೆಯಲ್ಲಿ ಕಟ್ಟಿಕೊಂಡು ಹೋಗಬಹುದು ಅನ್ನುವಷ್ಟು ಗಟ್ಟಿ ಅಂತ ಹೆಸರುವಾಸಿ.

ಹೋಗುವಾಗ ಏನು ಹೇಳಲಿ, ಸೈಕಲ್ ತನ್ನಷ್ಟಕ್ಕೆ ತಾನೇ ಓಡಿತು. ಎರಡೂ ಕಡೆ ಎರಿ ಹೊಲ, ಬಿಳಿಜೋಳದ ತೆನೆ, ರಸ್ತೆಗೆ ಒಂದು ಗಿಡದ ನೆರಳಿಲ್ಲ. ನಾಲ್ಕು ವರ್ಷದ ತಪಸ್ಸು ಫಲ ಕೊಟ್ಟಿತು ಅಂದುಕೊಂಡೆ. ಕೊಲ್ಹಾರದಲ್ಲಿ ಚಹಾ ಕುಡಿದು, ಗಡಗಿಯನ್ನು ಹ್ಯಾಂಡಲ್‌ಗೆ ಕಟ್ಟಿ ಸೈಕಲ್ ತಿರುಗಿಸಿದೆ ನೋಡಿ, ಫಲ ಕೊಟ್ಟದ್ದು ತಪಸ್ಸಲ್ಲ, ಗಾಳಿ ಅಂತ ತಿಳಿಯಿತು. ಅದೇ ಗಾಳಿ ಈಗ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು.

ಇಂಥಲ್ಲಿ ಬುದ್ಧಿವಂತ ಏನು ಮಾಡಬೇಕು? ಹಗುರ ಗೇರಿಗೆ ಹಾಕಿ, ನಿಮಿಷಕ್ಕೆ 80-90 ಸುತ್ತು ಪೆಡಲ್ ತಿರುಗಿಸಿಕೊಂಡು ಸುಮ್ಮನೆ ಬರಬೇಕು. ನಾನೂ ಹಾಗೆ ಮಾಡುವವನೇ ಇದ್ದೆ. ಅಷ್ಟರಲ್ಲಿ ಧೋತರ ಉಟ್ಟ ಅಜ್ಜ ಒಬ್ಬ ಹಳೇ ಕರಿ ಸೈಕಲ್ ಮೇಲೆ, ಹಿಂದೆ ಮೇವಿನ ಹೊರೆ ಕಟ್ಟಿಕೊಂಡು, ನನ್ನ ದಾಟಿ ಹೋದ. ದಾಟುವಾಗ ತಿರುಗಿ ನೋಡಿದ್ದರೆ ಬ್ಯಾರೆ ಮಾತು. ನೋಡಲೇ ಇಲ್ಲ. ನಾನು ದೊಡ್ಡ ಗೇರಿಗೆ ಹಾಕಿ, ಹಲ್ಲು ಕಚ್ಚಿ ತುಳಿದೆ. ಅಜ್ಜ ಮುಂದಿನ ಊರಿಗೆ ಹೊರಳಿಕೊಂಡ ಮೇಲೂ ತುಳಿದೆ. ಮನೆ ಮುಟ್ಟಿದಾಗ ಗಡಗಿಯಲ್ಲಿ ಮಜ್ಜಿಗೆ ಇತ್ತು.

ಸೋಮವಾರ ತೊಡೆ ಬಿಗಿದವು. ಮಂಗಳವಾರ ಅವು ನನ್ನವೇ ಅಲ್ಲ ಅನ್ನಿಸಿತು. ನಮ್ಮೂರ ಮಲಿಕ್-ಎ-ಮೈದಾನ್ ತೋಪು 55 ಟನ್ ತೂಕದ್ದು, ಅದನ್ನು ತರಲು 400 ಎತ್ತು, 10 ಆನೆ ಬೇಕಾದವಂತೆ. ನನ್ನನ್ನು ಹಾಸಿಗೆಯಿಂದ ಎಬ್ಬಿಸಲು ಹೆಂಡತಿ ಒಬ್ಬಳೇ ಇದ್ದಳು. ಸಂಡಾಸದ ಸುದ್ದಿ ಬೇಡ. ಕೂತದ್ದು ದೇವರ ದಯೆ, ಎದ್ದದ್ದು ನಲ್ಲಿಯ ದಯೆ ಅಂತಷ್ಟೇ ಹೇಳುತ್ತೇನೆ.

ಅವ್ವ ಹರಳೆಣ್ಣೆ ಬಿಸಿ ಮಾಡಿ ತಂದು, 'ವಾಯು ಆಗೈತಿ ತಮ್ಮಾ' ಅಂದಳು. ಓಣಿಯ ಜಿಮ್ ಹುಡುಗ, 'ಅಂಕಲ್, ಲ್ಯಾಕ್ಟಿಕ್ ಆಸಿಡ್ ಕುಂತೈತಿ, ಬಾಳೆಹಣ್ಣ ತಿನ್ರಿ' ಅಂದ. ಪಾಪ, ಆ ಆಸಿಡ್ ಮೇಲೆ ಎಲ್ಲರೂ ಸುಮ್ಮನೆ ಗೂಬೆ ಕೂರಿಸುತ್ತಾರೆ. ಅದು ಸೈಕಲ್ ಇಳಿದ ತಾಸೆರಡು ತಾಸಿನಲ್ಲೇ ಖಾಲಿ ಆಗಿರುತ್ತದೆ. ಎರಡು ದಿನ ಬಿಟ್ಟು ಕಾಡುವ ನೋವು ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿದು ಬಾತದ್ದು. ಗರಡಿಮನೆಯ ವಸ್ತಾದರು ಮಾತ್ರ ಹೆಸರು-ಕಾರಣ ಏನೂ ಕೇಳಲಿಲ್ಲ. ಮೊಳಕೈ ಊರಿ ತೊಡೆಯ ಮೇಲೆ ಒಂದು ಸಲ ಎಳೆದರು. ಎರಡನೇ ಸಲಕ್ಕೆ ನಾನು ಅಲ್ಲಿರಲಿಲ್ಲ.

ಅಂಥ ಮಂಗಳವಾರವೇ ತಂಗಿಯ ಮಕ್ಕಳು, 'ಮಾಮಾ, ಗೋಳಗುಮ್ಮಟ' ಅಂದರು.

ಮೂಲೆಯ ಮಿನಾರು ಏಳಂತಸ್ತು, ಒಳಗೆ ಇಕ್ಕಟ್ಟಿನ ಸುತ್ತು ಮೆಟ್ಟಿಲು. ಹತ್ತುವುದು ಹೆಂಗೋ ಆಯಿತು, ಗೋಡೆ ಹಿಡಿದು. ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಒರಗಿ ಕೂತುಬಿಟ್ಟೆ. ಗುಮ್ಮಟದ ಆ ಬದಿ ಸುಮಾರು 38 ಮೀಟರ್ ಆಚೆ, ಅಲ್ಲಿ ಯಾರೋ ಉಸುರಿದ್ದು ನನ್ನ ಕಿವಿಯಲ್ಲೇ ಹೇಳಿದಂತೆ ಕೇಳುತ್ತಿತ್ತು. ಸುಖ. ಆಮೇಲೆ ಸಣ್ಣವ ಕೈ ಹಿಡಿದು ಎಳೆದ. ಏಳುವಾಗ ಬಾಯಿಂದ 'ಯವ್ವಾ!' ಅಂತ ಬಂತು.

1656ರಲ್ಲಿ ಕಟ್ಟಿ ಮುಗಿಸಿದವರು ಕೆಲಸ ಚೊಕ್ಕ ಮಾಡಿದ್ದಾರೆ. ಯವ್ವಾ, ಯವ್ವಾ, ಯವ್ವಾ. ಏಳು ಸಲ ಅಂತ ಹೇಳುತ್ತಾರೆ. ನಾನು ಎಣಿಸಲಿಲ್ಲ, ಆದರೆ ಮೊದಲನೆಯದಕ್ಕಿಂತ ಕಡೆಯದರಲ್ಲಿ ಹೆಚ್ಚು ಸಂಕಟ ಇತ್ತು. ಗ್ಯಾಲರಿ ತುಂಬ ಜಾತ್ರೆ ಜನ. ಒಂದು ಗಳಿಗೆ ಎಲ್ಲಾ ಸುಮ್ಮನಾಯಿತು. ಆಮೇಲೆ ಆ ಬದಿಯಿಂದ ಒಂದು ಹೆಣ್ಣುಮಗಳ ಪಿಸುಮಾತು ಸ್ಪಷ್ಟ ಕೇಳಿತು: 'ಪಾಪ, ಯಾರಿಗೋ ಮೂಲವ್ಯಾಧಿ.'

ಇಳಿಯುವುದು ಇನ್ನೂ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಜಗ್ಗಬೇಕು, ಸೈಕಲ್ ತುಳಿದ ಕಾಲಿಗೆ ಆ ವಿದ್ಯೆ ಬರುವುದಿಲ್ಲ. ಹಿಮ್ಮುಖವಾಗಿ ಇಳಿದರೆ ನೋವು ಕಡಿಮೆ ಅಂತ ಮೂರನೇ ಮೆಟ್ಟಿಲಿಗೇ ಪತ್ತೆ ಹಚ್ಚಿದೆ. ಮುಖ ಮೇಲೆ ಮಾಡಿ, ಒಂದೊಂದೇ ಕಾಲು ಹಿಂದಕ್ಕೆ ಇಟ್ಟುಕೊಂಡು ಇಳಿಯತೊಡಗಿದೆ. ಪರಊರಿನ ಯಜಮಾನರೊಬ್ಬರು ನಿಂತು ನೋಡಿ, ಹೆಂಡತಿಗೆ, 'ಸುಲ್ತಾನರ ಗೋರಿಗೆ ಬೆನ್ನು ತೋರಸಬಾರದಂತ, ಮರ್ಯಾದಿ' ಅಂತ ಹೇಳಿ ತಾವೂ ತಿರುಗಿದರು. ಎರಡು ಅಂತಸ್ತು ನಾವು ಮೂವರೂ ಹಿಮ್ಮುಖವಾಗಿಯೇ ಇಳಿದೆವು. ಬಿಡಿಸಿ ಹೇಳುವಷ್ಟು ದಮ್ಮು ನನ್ನಲ್ಲಿ ಉಳಿದಿರಲಿಲ್ಲ.

ನಾಲ್ಕು ದಿನಕ್ಕೆ ಕಾಲು ತಿರುಗಿ ನನ್ನವಾದವು. ಬ್ರೇಕ್ ತೋರಿಸಲು ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಬ್ರೇಕ್ ನೋಡಲಿಲ್ಲ, ನನ್ನ ನೋಡಿದ.

'ಸರ, ಸೀಟು ಇಷ್ಟು ಕೆಳಗ ಯಾಕ ಐತ್ರಿ?'

'ಕೆಳಗ ಐತೇನು?'

'ಮೊಳಕಾಲು ಎದಿಗೆ ಬರಾಕತ್ತಾವಲ್ರಿ. ನೀವು ಸೈಕಲ್ ಹೊಡಿಯೂದಿಲ್ಲ, ಬೈಠಕ್ ಹೊಡಿಯಾಕತ್ತೀರಿ.'

ಹಿಮ್ಮಡಿ ಪೆಡಲ್ ಮೇಲೆ ಇಡಿಸಿದ. ಪೆಡಲ್ ಪೂರಾ ಕೆಳಗೆ ಹೋದಾಗ ಕಾಲು ನೆಟ್ಟಗಾಗಬೇಕಂತೆ. ನನ್ನದು ಗೋಣಿಚೀಲದಂತೆ ಮಡಚಿಕೊಂಡಿತ್ತು. ಆಗ ನೆನಪಾಯಿತು: ದೀಪಾವಳಿ ಸೂಟಿಯಲ್ಲಿ ಮಗ ಸೈಕಲ್ ಒಯ್ದಿದ್ದ. ಅವನ ಅಳತೆಗೆ ಇಳಿಸಿದ ಸೀಟಿನ ಮೇಲೆ ನಾನು ಎರಡು ತಿಂಗಳ ಮೇಲೆ ತುಳಿದಿದ್ದೆ, ವಾಯು ಅಂತ ಎಣ್ಣೆ ಹಚ್ಚಿಕೊಂಡಿದ್ದೆ. ಹುಡುಗ ನಾಲ್ಕು ಬೆರಳು ಎತ್ತರಿಸಿ ನಟ್ಟು ಬಿಗಿದ. ಹತ್ತು ರೂಪಾಯಿ.

ಆಹಾ, ಏನು ಹಗುರ! ಗಾಂಧಿ ಚೌಕದವರೆಗೆ ಹಾರಿಕೊಂಡೇ ಬಂದೆ. ಅಲ್ಲಿ ಆಟೋ ಅಡ್ಡ ಬಂತು, ಬ್ರೇಕ್ ಹಿಡಿದೆ, ರೂಢಿಯಂತೆ ಎಡಗಾಲು ಕೆಳಗೆ ಚಾಚಿದೆ. ನೆಲ ಇದ್ದ ಜಾಗದಲ್ಲಿ ಇರಲಿಲ್ಲ, ನಾಲ್ಕು ಬೆರಳು ಕೆಳಗಿತ್ತು. ಸೈಕಲ್ ಸಮೇತ ಮೆಲ್ಲಗೆ, ಬಹಳ ಮೆಲ್ಲಗೆ, ಎಡಕ್ಕೆ ವಾಲಿ ಬಾಳೆಹಣ್ಣಿನ ಗಾಡಿಯನ್ನು ತಬ್ಬಿಕೊಂಡೆ.

ಗಾಡಿಯವನು ನನ್ನನ್ನೂ ನನ್ನ ಎದೆಗೆ ಒತ್ತಿಕೊಂಡಿದ್ದ ಗೊನೆಯನ್ನೂ ಒಂದು ಸಲ ನೋಡಿದ.

'ಎರಡ ಡಜನ್ ಕಟ್ಟಲೇನ್ರಿ ಸರ?'