ಬೇರೆಯವರು ತೆಗೊಳ್ಳುದಿಲ್ಲ!

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿನಲ್ಲಿ ಹತ್ತು ರೂಪಾಯಿಯ ನಾಣ್ಯ ಚಾಚಿ ನೋಡಿ. "ಇದು ನಡೆಯುದಿಲ್ಲ, ನೋಟು ಕೊಡಿ." ಖೋಟಾವೋ? "ಛೆ, ಅಸಲಿಯೇ ಮಾರಾಯ್ರೆ. ನನಗೆ ಅಡ್ಡಿಯಿಲ್ಲ, ಬೇರೆಯವರು ತೆಗೊಳ್ಳುದಿಲ್ಲ." ಆ ಬೇರೆಯವರನ್ನು ಹುಡುಕಿಕೊಂಡು ಹಂಪನಕಟ್ಟೆಯ ಅಂಗಡಿಗೆ ಹೋದರೆ ಅವರಿಗೂ ಅಡ್ಡಿಯಿಲ್ಲ, ಅಡ್ಡಿ ಇರುವುದು ಬಸ್ಸಿನವರಿಗಂತೆ.

ಕಾನೂನಿನಲ್ಲಿ ಏನೂ ಕೊರತೆಯಿಲ್ಲ. 2011ರ ನಾಣ್ಯ ಕಾಯ್ದೆಯಂತೆ 1000 ರೂಪಾಯಿವರೆಗಿನ ಬಾಕಿಯನ್ನು ನಾಣ್ಯದಲ್ಲೇ ತೀರಿಸಬಹುದು. ಅಂದರೆ ನೂರು ನಾಣ್ಯ, ಒಂದಕ್ಕೆ 7.71 ಗ್ರಾಂನಂತೆ 771 ಗ್ರಾಂ ಸಿಂಧು ಹಣ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಎಂಬ ಪುಕಾರೆದ್ದಾಗ (ಚಿಹ್ನೆ ಹುಟ್ಟಿದ್ದೇ 2010ರಲ್ಲಿ, ಅದಕ್ಕೂ ಹಿಂದಿನ ನಾಣ್ಯ ಅದನ್ನು ಎಲ್ಲಿಂದ ತರಬೇಕು?) ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿತು: ಹದಿನಾಲ್ಕೂ ವಿನ್ಯಾಸಗಳು ಸಿಂಧು. 14440ಕ್ಕೆ ಕರೆ ಮಾಡಿ, ಅದು ಕಟ್ಟಾಗಿ ತಿರುಗಿ ಬಂದ ಕರೆಯಲ್ಲಿ ಇದೇ ಮಾತು ಕೇಳುವ ವ್ಯವಸ್ಥೆಯೂ ಆಯಿತು.

ಎಡವಟ್ಟು ಇರುವುದು ಅಲ್ಲೇ. ನಾವೆಲ್ಲ ಒಟ್ಟಾಗಿ ಒಪ್ಪಿದ್ದಕ್ಕೇ ಲೋಹದ ತುಂಡು ಹಣವಾಗುತ್ತದೆ ಎಂದವರು ತತ್ವಜ್ಞಾನಿ ಜಾನ್ ಸರ್ಲ್. ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಲೂಯಿಸ್ 1969ರಲ್ಲೇ ಇನ್ನೊಂದು ಗಂಟು ತೋರಿಸಿದ್ದರು: ರೂಢಿ ನಿಲ್ಲಬೇಕಾದರೆ ವಿಷಯ ಎಲ್ಲರಿಗೂ ಗೊತ್ತಿದ್ದರೆ ಸಾಲದು, ಎಲ್ಲರಿಗೂ ಗೊತ್ತಿದೆ ಎಂಬುದೂ ಎಲ್ಲರಿಗೂ ಗೊತ್ತಿರಬೇಕು. ಫೋನು ಒಬ್ಬೊಬ್ಬರ ಕಿವಿಯಲ್ಲಿ ಗುಟ್ಟು ಹೇಳುತ್ತದೆ. ಕಂಡಕ್ಟರಿಗೆ ಕೇಳಿಸಿದ್ದು ಅಂಗಡಿಯವರಿಗೂ ಕೇಳಿಸಿತೆಂದು ಕಂಡಕ್ಟರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಬೇಡ ಎನ್ನುವುದೇ ಜಾಣತನ. ಪ್ರತಿಯೊಬ್ಬರೂ ಜಾಣರಾದದ್ದರಿಂದ ಊರಿಗೆ ಊರೇ ಚಿಲ್ಲರೆಯಿಲ್ಲದೆ ಪರದಾಡುತ್ತದೆ.

ಈ ತೆರವಿಗೆ ಬಂದದ್ದು ಚಾಕ್ಲೇಟು. ಅದಕ್ಕೆ ಕಾಯ್ದೆಯಿಲ್ಲ, ಟಂಕಸಾಲೆಯಿಲ್ಲ, ಸುತ್ತೋಲೆಯಿಲ್ಲ. ಅಸಲಿಯೋ ನಕಲಿಯೋ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ. ಆದರೆ ಇದು ಏಕಮುಖ ಸಂಚಾರದ ಹಣ: ಗಲ್ಲಾಪೆಟ್ಟಿಗೆಯಿಂದ ಗಿರಾಕಿಗೆ ಬರುತ್ತದೆ, ಮರಳಿ ಕೊಟ್ಟರೆ ಅದೇ ಗಲ್ಲಾಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ.

ಪರಿಹಾರ ದುಬಾರಿಯೇನಲ್ಲ. ಒಂದೇ ದಿನ, ಎಲ್ಲ ಬಸ್ಸುಗಳಲ್ಲಿ, ಎಲ್ಲ ಪ್ರಯಾಣಿಕರ ಕಣ್ಣೆದುರು "ಹತ್ತರ ನಾಣ್ಯ ತೆಗೆದುಕೊಳ್ಳುತ್ತೇವೆ, ಚಿಲ್ಲರೆಯಾಗಿ ಕೊಡುತ್ತೇವೆ" ಎಂಬ ಸ್ಟಿಕ್ಕರ್ ಬೀಳಬೇಕು. ಒಂದೆರಡು ಬಸ್ಸಿನವರು ಮಾತ್ರ ಹಚ್ಚಿದರೆ ಊರಿನ ನಾಣ್ಯವೆಲ್ಲ ಅವರ ಚೀಲಕ್ಕೇ ಸುರಿದು, ಮೂರನೇ ದಿನ ಅವರೇ ಅದನ್ನು ಕೆರೆದು ತೆಗೆಯುತ್ತಾರೆ. ಸದ್ಯಕ್ಕೆ ಅಂಟಿಸಲು ಜಾಗವೂ ಇಲ್ಲ. ಅಲ್ಲಿ ಈಗಾಗಲೇ ಒಂದು ಬರಹ ಉಂಟು: "ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ."