ಎಚ್‌ಪಿ ಸರಿಯಿದೆ, ಹೊಗೆ ಮಾತ್ರ ಹೆಚ್ಚಿದೆ

ಸರ್ಕಾರಿ ಆಸ್ಪತ್ರೆಯ ಲಾಂಡ್ರಿ ಬಾಯ್ಲರಿನಲ್ಲಿ ಡೀಸೆಲ್ ಬರ್ನರ್‌ನ ಮೋಟಾರು ಸುಟ್ಟಿತೆನ್ನಿ. ಟೆಂಡರ್ ಕರೆಯುತ್ತಾರೆ. ಅದರಲ್ಲಿ ಒಂದು ಎಚ್‌ಪಿ (ಅಶ್ವಶಕ್ತಿ), ಮೂರು ಫೇಸ್, ಬೂದು ಬಣ್ಣ, ಇಎಂಡಿ ಎಂಬ ಟೆಂಡರ್ ಠೇವಣಿ, ಮೂರು ವರ್ಷದ ಆಡಿಟ್ ವರದಿ ಎಲ್ಲವೂ ಇರುತ್ತದೆ. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದೊಂದು ಇರುವುದಿಲ್ಲ.

ಮೋಟಾರಿನೊಳಗೆ ಪೋಲು, ಅಂದರೆ ಕಾಂತಧ್ರುವ, ಹೆಚ್ಚಿದಷ್ಟೂ ವೇಗ ಕಮ್ಮಿ. ಸುಟ್ಟದ್ದು ಎರಡು ಪೋಲಿನದು, 2,850 ಸುತ್ತು. ಎಲ್‌ಒನ್ ಮಹಾಶಯ, ಅಂದರೆ ಅತಿ ಕಡಿಮೆ ದರ ಬರೆದು ಟೆಂಡರ್ ಗೆದ್ದವರು, ತಂದದ್ದು ನಾಲ್ಕು ಪೋಲಿನದು, 1,440. ದುರದೃಷ್ಟಕ್ಕೆ ಎರಡಕ್ಕೂ 80ರ ಫ್ರೇಮು (ಮೋಟಾರಿನ ಮೈ ಅಳತೆ), 19 ಮಿ.ಮೀ. ಶಾಫ್ಟು. ತೂತಿಗೆ ತೂತು ಕೂಡಿತು, ಕಪ್ಲಿಂಗ್ ಕೂತಿತು, ಬಿಲ್ಲೂ ಪಾಸಾಯಿತು.

ಬರ್ನರಿನಲ್ಲಿ ಫ್ಯಾನು, ಪಂಪು ಎರಡನ್ನೂ ತಿರುಗಿಸುವುದು ಅದೊಂದೇ ಮೋಟಾರು. ವೇಗ ಅರ್ಧಕ್ಕಿಳಿದರೆ ಫ್ಯಾನಿನ ಗಾಳಿ ಅರ್ಧ, ಗಾಳಿಯ ಒತ್ತಡ ಕಾಲು ಭಾಗ. ಪಂಪಿನ ಕಥೆ ಬೇರೆ. ಗೇರ್ ಪಂಪು ಎಣ್ಣೆ ಸಿಂಪಡಿಸುವ ನಾಜಲಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಎಣ್ಣೆ ಎತ್ತುತ್ತದೆ, ಮಿಕ್ಕದ್ದನ್ನು ವಾಲ್ವು ವಾಪಸು ಬಿಡುತ್ತದೆ. ಹಾಗಾಗಿ ಅರ್ಧ ವೇಗದಲ್ಲೂ 10 ಬಾರ್ ಒತ್ತಡ ಹಿಡಿದುಕೊಂಡು ನಿಲ್ಲಬಲ್ಲದು. ಎಣ್ಣೆ ಪೂರ್ತಿ, ಗಾಳಿ ಅರ್ಧ. ಚಿಮಣಿಯಲ್ಲಿ ಕಾಡಿಗೆ.

ತನಿಖಾ ಸಮಿತಿ ಬಂದು ಗೇಜ್ ನೋಡುತ್ತದೆ. 10 ಬಾರ್, ಪಂಪು ಸರಿಯಿದೆ. ಎಚ್‌ಪಿಯೂ ಸರಿಯಿದೆ. ತಪ್ಪು ಹೊಗೆಯದ್ದೇ ಆದ್ದರಿಂದ ಚಿಮಣಿ ಎತ್ತರಿಸಲು ಅಂದಾಜುಪಟ್ಟಿ ತಯಾರಾಗುತ್ತದೆ. ಇನ್ನೊಬ್ಬ ಜಾಣರು ಉರಿಗೆ 'ಫೋರ್ಸ್' ಬರಲೆಂದು ಪ್ರೆಶರ್ ಸ್ಕ್ರೂ ತಿರುಗಿಸಿ 14 ಬಾರ್ ಮಾಡುತ್ತಾರೆ. ನಾಜಲಿನ ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ ಎಣ್ಣೆ ಶೇ. 18ರಷ್ಟು ಹೆಚ್ಚಿತು, ಗಾಳಿ ಇದ್ದಷ್ಟೇ. ಕಾಡಿಗೆ ಈಗ ವಾರ್ಡಿನ ಕಿಟಕಿಗೂ ಬಂತು.

ಮೂರನೆಯವರ ಸಲಹೆ ಪಂಪನ್ನೇ ಬದಲಿಸಿ ಮೋಟಾರಿಗೆ ಹೊಂದಿಸುವುದು. ಫ್ಯಾನನ್ನು ಯಾರು ಹೊಂದಿಸುತ್ತಾರೆ ಎಂದು ಕಡತದಲ್ಲಿ ಯಾರೂ ಕೇಳಿಲ್ಲ. ನಾಳೆ ಸರಿಯಾದ ಮೋಟಾರು ಬಂದರೆ ಈ ನಿಧಾನದ ಪಂಪು ಎರಡು ಪಟ್ಟು ವೇಗದಲ್ಲಿ ಕಿರುಚುತ್ತದೆ, ಎಳೆಯುವ ಬದಿಯ ಸಕ್ಷನ್ನಿನಲ್ಲಿ ಎಣ್ಣೆ ನೊರೆಯಾಗುತ್ತದೆ, ಶಾಫ್ಟ್ ಸೀಲು ಸೋರುತ್ತದೆ. ವೇಗವೆಷ್ಟು, ತಿರುಗುವ ದಿಕ್ಕು ಯಾವುದು ಎಂದು ಪಂಪಿನ ನೇಮ್‌ಪ್ಲೇಟಿನಲ್ಲೇ ಬರೆದಿದೆ. ಅದರ ಮೇಲೆ ಕಳೆದ ವರ್ಷದ ತಪಾಸಣೆಗೆ ಎರಡು ಕೋಟ್ ಬೂದು ಬಣ್ಣ ಬಳಿಯಲಾಗಿದೆ.

ಕೊನೆಗೆ 2,850ರ ಮೋಟಾರೇ ಬಂತು. ಸ್ವಿಚ್ ಹಾಕಿದರೆ ಉಲ್ಟಾ ತಿರುಗಿತು. ಪಂಪು ಎಣ್ಣೆ ಎಳೆಯಲಿಲ್ಲ, ಉರಿ ಹೊತ್ತಿದೆಯೇ ಎಂದು ನೋಡುವ ಫೋಟೋಸೆಲ್ಲಿಗೆ ಉರಿ ಕಾಣಲಿಲ್ಲ, ಬರ್ನರು ತಾನಾಗಿ ನಿಂತು ಲಾಕ್‌ಔಟ್ ಆಯಿತು. ಮೂರು ಫೇಸಿನಲ್ಲಿ ಯಾವುದಾದರೂ ಎರಡು ವೈರು ಅದಲುಬದಲು ಮಾಡಿದರೆ ಮುಗಿಯಿತು. ಯಾವ ಎರಡು ಎಂಬುದರ ಬಗ್ಗೆ ಎಲೆಕ್ಟ್ರಿಕಲ್ ವಿಭಾಗದ ಅಭಿಪ್ರಾಯ ಕೋರಿ ಪತ್ರ ಹೋಗಿದೆ.